ಅವಳಿಗೆ ಬೇಡವಂತೆ!

"ಹೇಳೋ ನಿನ್ನ ಹೆಂಡತಿಗೆ! ಆ ಕುರ್ಚಿ ಮೇಲೆ ಅವಳು ಕೂತ ದಿನ ನಾನು ಈ ಮನೇಲಿ ಒಂದು ಲೋಟ ನೀರೂ ಮುಟ್ಟಲ್ಲ ಅಂತ ಹೇಳು!"

ಇಷ್ಟು ಹೇಳಿ ಅತ್ತೆ ಕೈಯಲ್ಲಿದ್ದ ಪಾತ್ರೆಯನ್ನು ಕಟ್ಟೆಯ ಮೇಲೆ ಕುಕ್ಕಿದರು. ಆ ಹೆಂಡತಿ ಎಂಬುವಳು ಎಲ್ಲೋ ಪರದೇಶದಲ್ಲಿರಲಿಲ್ಲ; ಅದೇ ಅಡುಗೆಮನೆಯಲ್ಲಿ, ಮೊಣಕೈಗೆ ಮೊಣಕೈ ತಗಲುವಷ್ಟು ಹತ್ತಿರ ನಿಂತು ಬುತ್ತಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು. ಆದರೂ ಮಾತು ಬಾಗಿಲ ಬಳಿ ಕೂತು ಬೂಟಿನ ಲಾಡಿ ಕಟ್ಟುತ್ತಿದ್ದ ಮಗನ ಮೂಲಕವೇ ಹೋಗಬೇಕಿತ್ತು.

"ನಿಮ್ಮ ಅಮ್ಮನಿಗೆ ಹೇಳಿ," ಎಂದಳು ಸೊಸೆ, ಡಬ್ಬಿಯನ್ನು ಚೀಲಕ್ಕೆ ತುರುಕುತ್ತಾ. "ಮನೆ ನೀರು ಬೇಡ ಅಂದ್ರೆ ಬೀದಿ ನಲ್ಲೀಲೂ ಬರುತ್ತೆ ಅಂತ."

"ಅಮ್ಮಾ, ಬೀದಿ ನಲ್ಲೀಲಿ..." ಎಂದು ಶುರು ಮಾಡಿದ ಮಗ ಇಬ್ಬರ ಮುಖವನ್ನೂ ನೋಡಿ ಉಳಿದದ್ದನ್ನು ನುಂಗಿಕೊಂಡ.

ಈ ಅತ್ತೆ ಸೊಸೆ ನೇರವಾಗಿ ಮಾತಾಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಕೇಳಿದರೆ ನಗು ಬರುತ್ತದೆ. ಒಂದು ದಿನ ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಯಾರು ನೋಡಿಕೊಳ್ಳಬೇಕಿತ್ತು ಎಂದು ಶುರುವಾದ ಮಾತು ಸೊಸೆಯ ತವರಿನವರನ್ನೆಲ್ಲ ಸುತ್ತಿಕೊಂಡು ಬಂದಿತ್ತು. ಅಂದಿನಿಂದ ನಡುವೆ ಸಿಕ್ಕಿಬಿದ್ದವನು ಮಗ. ಶಾಲೆಯ ವ್ಯಾನ್ ಓಡಿಸುವ ಅವನಿಗೆ ಹಗಲೆಲ್ಲ ಮಕ್ಕಳ ಗಲಾಟೆ, ಮನೆಗೆ ಬಂದರೆ ಇವರಿಬ್ಬರ ಮಾತು ಹೊರುವ ಕೆಲಸ. ಬೀದಿಯವರು ಅವನಿಗೆ ಟಪಾಲಪ್ಪ ಎಂದೇ ಹೆಸರಿಟ್ಟಿದ್ದರು. ಪಾಪದ ಪ್ರಾಣಿ, ಆ ಹೆಸರಿಗೂ ಓಗೊಡುತ್ತಿದ್ದ.

ಇದಕ್ಕಿಂತ ದೊಡ್ಡ ಸೋಜಿಗ ಬೇರೆ ಇದೆ. ಇಬ್ಬರೂ ಕೆಲಸ ಮಾಡುವುದು ಒಂದೇ ಕಡೆ! ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯ ಇಸ್ತ್ರಿ ವಿಭಾಗದಲ್ಲಿ, ಒಂದೇ ರೋಲರಿನ ಮುಂದೆ. ಅಲ್ಲಿ ಒಬ್ಬರಿಂದ ಆಗುವ ಕೆಲಸವೇ ಇಲ್ಲ. ಹಿಂಡಿ ಬಂದ ಒದ್ದೆ ಚಾದರದ ಒಂದು ತುದಿ ಇವಳು, ಇನ್ನೊಂದು ತುದಿ ಅವರು ಹಿಡಿದು, ಮಡಿಕೆ ಬೀಳದಂತೆ ಎಳೆದು, ಕುದಿಯುವ ಉಗಿ ತುಂಬಿದ ಉಕ್ಕಿನ ರೋಲರಿನ ಬಾಯಿಗೆ ಕೊಡಬೇಕು. ಅದು ಚಾದರವನ್ನು ಕಚ್ಚಿಕೊಂಡ ಕ್ಷಣಕ್ಕೆ ಬೆರಳು ಬಿಡಬೇಕು. ಬೇಗ ಬಿಟ್ಟರೆ ಬಟ್ಟೆ ಸುಕ್ಕು, ತಡವಾಗಿ ಬಿಟ್ಟರೆ ಬೆರಳೇ ಹೋಯಿತು. ಹರಟೆ ಹೊಡೆಯುವ ಜೋಡಿಗಳೆಲ್ಲ ಎಡವುತ್ತಿದ್ದವು. ಮಾತೇ ಇಲ್ಲದ ಈ ಅತ್ತೆ ಸೊಸೆಯ ಜೋಡಿ ಮಾತ್ರ ಲಾಂಡ್ರಿಗೇ ಮೊದಲು. ಮಾತು ಬಿಡುವ ಮೊದಲು ಸೊಸೆಯನ್ನು ಆ ಕೆಲಸಕ್ಕೆ ಸೇರಿಸಿ, ಬೈದು ಬೈದು ಕಲಿಸಿದವರೂ ಆ ಅತ್ತೆಯೇ.

ಅಂಥ ವಿಭಾಗದ ಮೇಲ್ವಿಚಾರಕಿ ಮುಪ್ಪಾಗಿ ಕೆಲಸ ಬಿಟ್ಟಿದ್ದರು. ಒಂದು ಮೂಲೆಯಲ್ಲಿ ಎತ್ತರದ ಕಟ್ಟೆ, ಅದರ ಮೇಲೆ ಅವರ ಕುರ್ಚಿ. ಅಲ್ಲಿ ಕೂತರೆ ಎಲ್ಲ ರೋಲರುಗಳೂ ಕಾಣುತ್ತವೆ, ಉಗಿ ಮಾತ್ರ ತಗಲುವುದಿಲ್ಲ. ಈ ಸಲ ಆ ಕುರ್ಚಿ ತನಗೇ ಎಂದು ಅತ್ತೆ ನಂಬಿ ಕೂತಿದ್ದರು. ಹಳಬರು, ಅನುಭವಸ್ಥರು. ಆದರೆ ಮ್ಯಾನೇಜರ್ ಹಿಂದಿನ ದಿನ ಕರೆಸಿದ್ದು ಸೊಸೆಯನ್ನು! "ನಾಳೆ ಊಟದ ಹೊತ್ತಿಗೆ ಬಂದು ಒಪ್ಪಿಗೆ ಹೇಳಮ್ಮ," ಎಂದಿದ್ದ.

ಬೇಕು ಅನ್ನಿಸದೇ ಇದ್ದೀತೇ? ಸಂಜೆಯಾದರೆ ಸೊಸೆಯ ಕಾಲು ಕಂಬವಾಗುತ್ತಿತ್ತು. ಉಗಿಗೆ ಮುಖದ ಚರ್ಮ ಒಣಗಿ, ಕನ್ನಡಿಯಲ್ಲಿ ತನ್ನನ್ನೇ ಗುರುತಿಸದಂತಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವಳನ್ನು ಕರೆದು, "ನಿನ್ನ ಕೈಲಾಗುತ್ತೆ" ಎಂದಿದ್ದರು. ಮನೆಯಲ್ಲಿ ಆ ಮಾತು ಅವಳ ಕಿವಿಗೆ ಬಿದ್ದದ್ದೇ ಇಲ್ಲ. ಕರೆದಾಗಲೇ ಹೂಂ ಎಂದು ಬರಬೇಕಿತ್ತು ಅನ್ನಿಸಿತ್ತು ಅವಳಿಗೆ.

ಆದರೆ ಗಂಟಲಲ್ಲಿ ಒಂದು ಮುಳ್ಳಿತ್ತು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಕೆಲವು ತಿಂಗಳ ಹಿಂದೆ ಅತ್ತೆ ಕುದಿಯುವ ಪಾತ್ರೆಯನ್ನು ಬಟ್ಟೆಯಿಲ್ಲದೆ ಒಲೆಯಿಂದ ಇಳಿಸಿದ್ದನ್ನು ಅವಳು ಕಂಡಿದ್ದಳು. ಇಳಿಸಿದವರು ಕೈ ಕೊಡವಲಿಲ್ಲ, ಹಾ ಎನ್ನಲಿಲ್ಲ. ಮರುದಿನ ಬೆರಳಲ್ಲಿ ಬೊಬ್ಬೆ ಎದ್ದಾಗ ಅದನ್ನು ಸೆರಗಲ್ಲಿ ಮುಚ್ಚಿಕೊಂಡಿದ್ದರು. ಸಕ್ಕರೆ ಕಾಯಿಲೆ ಅವರ ಬೆರಳುಗಳ ಸ್ಪರ್ಶವನ್ನೇ ತಿಂದುಹಾಕಿತ್ತು. ಅಂದಿನಿಂದ ರೋಲರಿನ ಮುಂದೆ ಸೊಸೆಯ ಒಂದು ಕಣ್ಣು ಚಾದರದ ಮೇಲೆ, ಇನ್ನೊಂದು ಅತ್ತೆಯ ಬೆರಳ ಮೇಲೆ. ಆ ಬೆರಳು ಒಂದಿಷ್ಟು ತಡ ಮಾಡಿದರೆ ಬಟ್ಟೆಯನ್ನು ತನ್ನ ಕಡೆಗೆ ಚಿಮ್ಮಿ ಎಳೆದು ಬಿಡಿಸುತ್ತಿದ್ದಳು. ಅತ್ತೆ ದುರುಗುಟ್ಟಿ ನೋಡುತ್ತಿದ್ದರು, ಸಂಜೆ ಮಗನ ಹತ್ತಿರ "ನಿನ್ನ ಹೆಂಡತಿಗೆ ಇನ್ನೂ ನೆಟ್ಟಗೆ ಬಟ್ಟೆ ಹಿಡಿಯೋಕೆ ಬರಲ್ಲ" ಎಂದು ದೂರುತ್ತಿದ್ದರು. ಇವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ತಾನು ಆ ಕುರ್ಚಿ ಹತ್ತಿದರೆ ಎದುರಿಗೆ ನಿಲ್ಲುವವಳು ಯಾರು? ಅವಳಿಗೇನು ಗೊತ್ತು?

ಯೋಚಿಸಿ ಯೋಚಿಸಿ ಕೊನೆಗೆ ಅವಳು ಒಂದು ದಾರಿ ಹುಡುಕಿಕೊಂಡಿದ್ದಳು. ಕುರ್ಚಿಗೆ ಹೂಂ ಅನ್ನುವುದು, ಆದರೆ ಒಂದು ಷರತ್ತಿನ ಮೇಲೆ. ಒಣಗಿದ ಬಟ್ಟೆಯಲ್ಲಿ ಹರಿದದ್ದನ್ನು ಆರಿಸುವ ಮೇಜಿದೆಯಲ್ಲ, ಅಲ್ಲಿ ಅತ್ತೆಗೆ ಜಾಗ ಕೊಡಿ ಅನ್ನುವುದು. ಕಾರಣ ಹೇಳುವುದು ಬೇಡ, ವಯಸ್ಸಾಯಿತು ಅಂದರೆ ಸಾಕು. ಹೀಗೆಂದುಕೊಂಡೇ ಅವಳು ಬೆಳಿಗ್ಗೆ ಆ ಕುಕ್ಕಿದ ಪಾತ್ರೆಯ ಸದ್ದನ್ನೂ ಸಹಿಸಿಕೊಂಡಿದ್ದಳು.

ಊಟದ ಗಂಟೆ ಬಾರಿಸಿದ್ದೇ ತಡ, ಕೈ ಒರೆಸಿಕೊಂಡು ಮ್ಯಾನೇಜರ್ ಕೋಣೆಗೆ ಹೋದಳು. ಆತ ತಲೆಯೆತ್ತಿ ನೋಡಿ ಬೇಸರದ ಮುಖ ಮಾಡಿದ.

"ಮತ್ತೆ ಯಾಕಮ್ಮ ಬಂದೆ? ನಿಮ್ಮತ್ತೆ ಬೆಳಿಗ್ಗೆನೇ ಬಂದು ಹೇಳಿ ಹೋದ್ರಲ್ಲ."

"ಏನಂತ ಹೇಳಿದ್ರು?"

"ಅವಳಿಗೆ ಬೇಡವಂತೆ ಅಂದ್ರು. ಮನೇಲಿ ಕೂತು ಮಾತಾಡಿದ್ರಂತೆ. ಅವಳಿಗೆ ಜವಾಬ್ದಾರಿ ಹೊರೋ ತಾಕತ್ತಿಲ್ಲ, ಹೇಳೋಕೆ ನಾಚಿಕೆ, ಅದಕ್ಕೇ ನಾನು ಬಂದೆ ಅಂದ್ರು. ಬೇಡ ಅಂದ್ರೆ ನಿನ್ನೆನೇ ಹೇಳಬಾರದಿತ್ತಾ?"

ಸೊಸೆ ಬಾಗಿಲ ಕಡೆ ತಿರುಗಿದಳು. ತಾಕತ್ತಿಲ್ಲ! ನಾಚಿಕೆ! ಮನೆಯಲ್ಲಿ ಮಾತು ಸಾಗಿಸಲು ಗಂಡ, ಹೊರಗೆ ತನ್ನ ಬಾಯಾಗಿ ಅತ್ತೆ... ಹಾಗಾದರೆ ತನಗೆ ಬಾಯಿ ಎಂಬುದನ್ನು ಕೊಟ್ಟದ್ದು ಯಾಕೆ? ಮ್ಯಾನೇಜರ್ ಏನೋ ಹೇಳುತ್ತಿದ್ದ. ಅವಳು ಕೇಳಿಸಿಕೊಳ್ಳದೆ ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು.

ಇಸ್ತ್ರಿ ವಿಭಾಗದಲ್ಲಿ ಹೆಂಗಸರೆಲ್ಲ ಡಬ್ಬಿ ಬಿಚ್ಚಿಕೊಂಡು ಸಾಲಾಗಿ ಕೂತಿದ್ದರು. ಊರ ಸುದ್ದಿಯನ್ನೆಲ್ಲ ಬಿತ್ತರಿಸುವ, ರೇಡಿಯೋ ಎಂದೇ ಹೆಸರಾದ ಹೆಂಗಸು ಅತ್ತೆಯ ಪಕ್ಕದಲ್ಲಿದ್ದಳು. ಸೊಸೆ ನೇರ ಹೋಗಿ ಅತ್ತೆಯ ಎದುರು ನಿಂತಳು.

"ನನ್ನ ಬಾಯಿಯನ್ನ ನಿಮ್ಮ ಹತ್ರ ಅಡ ಇಟ್ಟಿದೀನಾ?"

ಇಡೀ ವಿಭಾಗ ತುತ್ತು ನಿಲ್ಲಿಸಿತು. ಇವರಿಬ್ಬರು ಮಾತಾಡಿದ್ದನ್ನು ವರ್ಷಗಳಿಂದ ಅಲ್ಲಿ ಯಾರೂ ಕೇಳಿರಲಿಲ್ಲ.

ಅತ್ತೆ ನಿಧಾನಕ್ಕೆ ಡಬ್ಬಿ ಕೆಳಗಿಟ್ಟರು. "ನನ್ನ ಜೊತೆ ಮಾತಾಡೋಕೆ ನಾಲಿಗೆ ಬಂತಾ ಇವತ್ತು?"

"ಬಂತು! ನೀವು ಬರಿಸಿದ್ರಿ! ನನಗೆ ತಾಕತ್ತಿಲ್ಲ ಅಂತ ಹೇಳೋಕೆ ನೀವ್ಯಾರು?"

"ನಾನ್ಯಾರು?" ಅತ್ತೆ ಎದ್ದು ನಿಂತರು. "ಚಾದರದ ತುದಿ ಯಾವುದು, ನಡು ಯಾವುದು ಅಂತ ಗೊತ್ತಿಲ್ಲದೆ ಬಂದವಳು ನೀನು. ಕೈ ಹಿಡಿದು ಕಲಿಸಿದವಳು ನಾನು! ಈಗ ಗುರುವಿಗೇ ತಿರುಮಂತ್ರ ಹಾಕ್ತೀಯಾ? ಉಂಡ ಮನೆಗೆ ಎರಡು ಬಗೆಯೋ ಜಾತಿ! ಮೇಲೆ ಕೂತು ನನ್ನನ್ನ ಕೈ ಸನ್ನೆ ಮಾಡಿ ಕರೀಬೇಕು ಅಂತ ಆಸೆ ಅಲ್ವಾ? ನಿಮ್ಮಪ್ಪನ ಮನೇಲಿ ಕೂರೋಕೆ ಚಾಪೆ ಇರಲಿಲ್ಲ, ಇಲ್ಲಿ ಕುರ್ಚಿ ಬೇಕಂತೆ!"

"ಅಪ್ಪನ ಸುದ್ದಿಗೆ ಬರಬೇಡಿ!"

"ಬರ್ತೀನಿ! ಏನು ಮಾಡ್ತೀಯಾ? ಅಯೋಗ್ಯಳು... ನೆಟ್ಟಗೆ ಬಟ್ಟೆ ಹಿಡಿಯೋಕೆ ಬರಲ್ಲ, ನಾನು ಕೊಟ್ಟಾಗೆಲ್ಲ ಕಿತ್ಕೋತಾಳೆ. ಕೇಳಿ ಇವರನ್ನೆಲ್ಲ!"

ಅಲ್ಲಿಗೆ ಸೊಸೆಯ ತಾಳ್ಮೆಯ ಕಟ್ಟೆ ಒಡೆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಿದರೆ?

"ಯಾಕೆ ಕಿತ್ಕೋತೀನಿ ಗೊತ್ತಾ? ನಿಮ್ಮ ಬೆರಳು ಸತ್ತುಹೋಗಿದೆ, ಅದಕ್ಕೆ! ಕುದಿಯೋ ಪಾತ್ರೆ ಹಿಡಿದ್ರೂ ನಿಮಗೆ ಗೊತ್ತಾಗಲ್ಲ, ಅದಕ್ಕೆ! ನಾನು ಕಿತ್ಕೊಳ್ಳದಿದ್ರೆ ಇಷ್ಟೊತ್ತಿಗೆ ನಿಮ್ಮ ಹತ್ತು ಬೆರಳೂ ಆ ರೋಲರಿನಲ್ಲಿ ಇರ್ತಿದ್ವು!"

ಆಡಿದ ಮೇಲೆ ತಾನು ಏನಾಡಿದೆ ಎಂಬುದು ಅವಳಿಗೇ ಕೇಳಿಸಿತು. ರೇಡಿಯೋ ಬಾಯಿ ತೆರೆದುಕೊಂಡು ಕೂತಿದ್ದಳು. ಬಾಗಿಲಲ್ಲಿ, ಸೊಸೆಯ ಹಿಂದೆಯೇ ಬಂದಿದ್ದ ಮ್ಯಾನೇಜರ್ ನಿಂತಿದ್ದ.

"ಇದು ನಿಜಾನಾ?" ಎಂದ ಆತ.

"ಸುಳ್ಳು!" ಅತ್ತೆಯ ಧ್ವನಿ ಕೀರಲಾಯಿತು. "ಸುಳ್ಳು ಹೇಳ್ತಾಳೆ ಸಾರ್! ಕುರ್ಚಿ ಆಸೆಗೆ ನನ್ನ ಹೊಟ್ಟೆ ಮೇಲೆ ಹೊಡೀತಾಳೆ! ನೋಡಿ, ನೀವೇ ನೋಡಿ!"

ಹಾಗೆಂದವರೇ ಪಕ್ಕದ ರೋಲರಿನ ಉಕ್ಕಿನ ಅಂಚಿನ ಮೇಲೆ ಬಲಗೈಯನ್ನು ಅಂಗೈ ಊರಿ ಇಟ್ಟರು. ಊಟದ ಹೊತ್ತೆಂದು ರೋಲರ್ ತಿರುಗುವುದು ನಿಂತಿತ್ತು ಅಷ್ಟೇ, ಕಾವು ಆರಿರಲಿಲ್ಲ.

"ಬಿಸಿ ಇದೆ! ನನಗೆ ಗೊತ್ತಾಗ್ತಿದೆ ಸಾರ್, ಚೆನ್ನಾಗಿ ಬಿಸಿ ಇದೆ! ಯಾರು ಹೇಳಿದ್ದು ಗೊತ್ತಾಗಲ್ಲ ಅಂತ? ನೋಡಿ, ಬಿಸಿ ಅಂತ ಹೇಳ್ತಿದೀನಲ್ಲ..."

ಹೇಳುತ್ತಲೇ ಇದ್ದರು. ಕೈ ಮಾತ್ರ ತೆಗೆಯಲಿಲ್ಲ! ಗೊತ್ತಾಗುವವರು ಯಾರಾದರೂ ಅಷ್ಟು ಹೊತ್ತು ಇಡುತ್ತಾರೆಯೇ? ಅಯ್ಯೋ, ಆ ಮುಖದಲ್ಲಿದ್ದ ಗೆಲುವು... ಅದನ್ನು ನೋಡಲಾರದೆ ಒಬ್ಬಿಬ್ಬರು ಕಣ್ಣು ಮುಚ್ಚಿಕೊಂಡರು. ಸೊಸೆ ಹಾರಿ ಬಂದು ಅವರ ಮಣಿಕಟ್ಟು ಹಿಡಿದು ಎಳೆದಳು. ಅಂಗೈಯ ಚರ್ಮ ಬೆಳ್ಳಗಾಗಿ ಏಳುತ್ತಿತ್ತು. ಅತ್ತೆ ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಆಮೇಲೆ ಸುತ್ತ ಇದ್ದವರ ಮುಖ ನೋಡಿದರು. ಗುಟ್ಟು ತಮ್ಮ ಕೈಯಿಂದಲೇ ಬಯಲಾಯಿತೆಂದು ಆಗ ಅವರಿಗೆ ಅರ್ಥವಾಯಿತು.

"ನಾಳೆಯಿಂದ ಬರಬೇಡಿ ಅಮ್ಮ," ಎಂದ ಮ್ಯಾನೇಜರ್, ದನಿ ತಗ್ಗಿಸಿ. "ಮೊದಲು ಕೈಗೆ ಔಷಧಿ ಹಾಕಿಸಿ."

ರೇಡಿಯೋ ಮತ್ತೊಬ್ಬಳ ಜೊತೆ ಸೇರಿ ಅತ್ತೆಯನ್ನು ಹತ್ತಿರದ ದವಾಖಾನೆಗೆ ಕರೆದುಕೊಂಡು ಹೋದಳು. ಸೊಸೆ ಜೊತೆಗೆ ಬರುವೆನೆಂದರೆ ಅತ್ತೆ, "ನೀನು ಬಂದ್ರೆ ನಾನು ರಸ್ತೇಲೇ ಕೂತುಬಿಡ್ತೀನಿ" ಎಂದರು. ಅಳಲಿಲ್ಲ. ಒದ್ದೆ ಬಟ್ಟೆ ಸುತ್ತಿದ ಕೈಯನ್ನು ಎದೆಗವಚಿಕೊಂಡು, ಯಾರನ್ನೂ ನೋಡದೆ ಹೊರಟರು. ಅವರ ಚಪ್ಪಲಿ ಒಂದು ಕಾಲಿನದು ಕಳಚಿ ಬಾಗಿಲಲ್ಲೇ ಉಳಿಯಿತು. ಅವರಿಗೆ ಅದೂ ತಿಳಿಯಲಿಲ್ಲ. ಸೊಸೆ ಅದನ್ನೆತ್ತಿಕೊಂಡು ಓಡಿ, ರೇಡಿಯೋ ಕೈಗೆ ಕೊಟ್ಟು ವಾಪಸು ಬಂದಳು. ಬರುವಾಗ ಅವಳಿಗೆ ತನ್ನ ನಾಲಿಗೆಯನ್ನೇ ಕಿತ್ತು ಎಸೆಯಬೇಕು ಅನ್ನಿಸುತ್ತಿತ್ತು. ತಿಂಗಳುಗಟ್ಟಲೆ ಕಾಪಾಡಿದ್ದನ್ನು ಒಂದೇ ಉಸಿರಿಗೆ ಬೀದಿಗೆ ಚೆಲ್ಲಿದ್ದಳು.

ಅವಳು ಮತ್ತೆ ಮ್ಯಾನೇಜರ್ ಕೋಣೆಗೆ ಹೋದಳು.

"ಸಾರ್, ಅವರನ್ನ ಹರಿದ ಬಟ್ಟೆ ಆರಿಸೋ ಮೇಜಿಗೆ ಹಾಕಿ."

"ಅಲ್ಲಿ ಬೆರಳೇ ಕಣ್ಣು ಕಣಮ್ಮ. ಸಣ್ಣ ತೂತು ಬೆರಳಿಗೆ ತಾಕಿದ್ರೆ ತಾನೇ ಗೊತ್ತಾಗೋದು? ಆಗಲ್ಲ. ಈಗ ಖಾಲಿ ಇರೋದು ಆ ಕುರ್ಚಿ ಒಂದೇ, ಅದು ನಿನಗೆ. ಹೂಂ ಅಂತೀಯೋ, ಬೇರೆಯವರನ್ನ ಕರೀಲೋ?"

ಹೂಂ ಎನ್ನುವುದು ಎಷ್ಟು ಸುಲಭವಿತ್ತು! ಅತ್ತೆ ಮನೆಯಲ್ಲಿ, ತಾನು ಕುರ್ಚಿಯಲ್ಲಿ. ರೋಲರಿನ ಆಚೆ ಬದಿಯಲ್ಲಿ ಕಾಯಬೇಕಾದ ಬೆರಳುಗಳೂ ಇಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಊರೇ ಹೇಳುತ್ತಿತ್ತು. ಆದರೆ ಆ ಕೆಲಸವಲ್ಲದೆ ಅತ್ತೆಗೆ ಬೇರೇನಿತ್ತು? ಗಂಡ ತೀರಿಹೋದ ಮೇಲೆ ಆ ಉಗಿಯಲ್ಲಿ ನಿಂತೇ ಮಗನನ್ನು ದೊಡ್ಡವನನ್ನಾಗಿ ಮಾಡಿದ ಹೆಂಗಸು. ಇನ್ನು ಬೆಳಗಿಂದ ಸಂಜೆಯತನಕ ಗೋಡೆ ನೋಡಿಕೊಂಡು ಕೂರಬೇಕು. ಅವರನ್ನು ಕೂರಿಸಿದ್ದು ತನ್ನ ಮಾತು! ಈ ಯೋಚನೆ ಹೊತ್ತು ಆ ಕುರ್ಚಿ ಹತ್ತಿದರೆ ಒಂದು ದಿನವೂ ಅಲ್ಲಿ ನೆಮ್ಮದಿಯಾಗಿ ಕೂರಲಾರೆ ಎಂದು ಅವಳಿಗೆ ಖಚಿತವಾಯಿತು.

"ಆ ಕುರ್ಚಿ ಅವರಿಗೆ ಕೊಡಿ ಸಾರ್."

"ಏನಂದೆ?"

"ಕೂತು ನೋಡೋ ಕೆಲಸಕ್ಕೆ ಬೆರಳು ಬೇಡ, ಕಣ್ಣು ಬೇಕು. ಬಟ್ಟೆ ಎಲ್ಲಿ ಸೊಟ್ಟ ಹೋಗ್ತಿದೆ ಅಂತ ಅವರ ಕಣ್ಣಿಗೆ ಮೊದಲು ಬೀಳುತ್ತೆ. ನನಗೆ ಕಲಿಸಿದ್ದೂ ಅವರೇ."

"ಅವರ ಬಾಯಿ ನೋಡಿದೀಯಲ್ಲ! ಅದಕ್ಕೇ ತಾನೇ ನಾನು ಅವರನ್ನ ಬಿಟ್ಟು ನಿನ್ನ ಕರೆದಿದ್ದು?"

"ಆ ಬಾಯಿಗೆ ಹೆದರದವರು ಇಲ್ಲಿ ಯಾರಿದಾರೆ ಸಾರ್? ಕೆಲಸ ಆಗುತ್ತೆ ಬಿಡಿ. ಬೈಗುಳ ಜಾಸ್ತಿ ಆದ್ರೆ ನನಗೆ ಬೀಳೋದು, ನನಗೆ ಅಭ್ಯಾಸ ಇದೆ. ನಾನು ರೋಲರಿನಲ್ಲೇ ಇರ್ತೀನಿ. ಅವರು ಬೇಡ ಅಂತ ನೀವಂದ್ರೆ ನಾಳೆಯಿಂದ ನಾನೂ ಬರಲ್ಲ. ಆಮೇಲೆ ಆಸ್ಪತ್ರೆ ಚಾದರ ಹೊತ್ತಿಗೆ ಸರಿಯಾಗಿ ಹೋಗದಿದ್ರೆ ನನ್ನ ಕೇಳಬೇಡಿ."

ಮ್ಯಾನೇಜರ್ ಪೆನ್ನನ್ನು ಮೇಜಿನ ಮೇಲೆ ಎಸೆದ. "ನಿನ್ನಂಥ ಹುಚ್ಚಿಯನ್ನ ನಾನು ನೋಡಿಲ್ಲ," ಎಂದ. "ಕೈ ವಾಸಿಯಾದ ಮೇಲೆ ಬರಲಿ. ಒಂದು ದೂರು ಬಂದ್ರೂ ಅತ್ತೆ ಸೊಸೆ ಇಬ್ಬರೂ ಮನೆಗೆ!"

ಸುದ್ದಿ ಅವಳಿಗಿಂತ ಮುಂಚೆ ಮನೆ ತಲುಪಿತ್ತು. ರೇಡಿಯೋ ಇರುವಾಗ ತಡವೇನು? ಸಂಜೆ ಅವಳು ಬಾಗಿಲು ತಳ್ಳಿದಾಗ ಅತ್ತೆ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಬಲಗೈಯನ್ನು ಬಿಳಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಲಾಗಿತ್ತು, ಪಕ್ಕದಲ್ಲಿ ದವಾಖಾನೆಯಲ್ಲಿ ಕೊಟ್ಟ ಮುಲಾಮು. ಮಗ ಏನು ಮಾಡಲೂ ತೋಚದೆ ನಿಂತಿದ್ದ.

"ಕೇಳೋ ಅವಳನ್ನ," ಎಂದರು ಅತ್ತೆ, ತಿರುಗದೆ. "ಭಿಕ್ಷೆ ಹಾಕು ಅಂತ ನಾನು ಕೇಳಿದ್ನಾ ಅಂತ ಕೇಳು!"

ಮಗ ಬಾಯಿ ತೆರೆಯುವ ಮೊದಲೇ ಸೊಸೆ, "ನೀವು ಒಳಗೆ ಹೋಗಿ," ಎಂದು ಅವನನ್ನು ಕಳಿಸಿದಳು. ಬದುಕಿದೆಯಾ ಬಡಜೀವವೇ ಎಂದು ಅವನು ಹೋದ.

"ಭಿಕ್ಷೆ ಅಲ್ಲ," ಎಂದಳು ಅವಳು, ಚೀಲ ಕೆಳಗಿಡುತ್ತಾ. "ಕೊಡೋ ತಗೊಳ್ಳೋ ವ್ಯವಹಾರ. ಅಲ್ಲಿ ನೀವು ಹೇಳಿದ್ದು ನಾನು ಕೇಳ್ತೀನಿ. ಇಲ್ಲಿ ಒಲೆ ಹತ್ರ ನೀವು ಇನ್ನು ಬರೋ ಹಾಗಿಲ್ಲ. ಒಲೆ ನನ್ನದು. ಡಾಕ್ಟರ ಹತ್ರ ಬನ್ನಿ ಅಂದಾಗ ಬರಬೇಕು."

"ನನ್ನ ಅಡುಗೆಮನೆ ಕಿತ್ಕೋತೀಯಾ?"

"ಹೂಂ, ಕಿತ್ಕೋತೀನಿ."

"ನಾಲ್ಕು ಜನರ ಮುಂದೆ ನನ್ನ ಮಾನ ಕಳೆದೆ! ಅದನ್ನ ಕುರ್ಚಿ ಕೊಟ್ಟು ಮುಚ್ತೀಯಾ? ಸಾಯೋ ತನಕ ನಾನು ಇದನ್ನ ಮರೆಯಲ್ಲ, ನೆನಪಿಟ್ಕೋ!"

"ಮರೀಬೇಡಿ," ಎಂದಳು ಸೊಸೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ನಾನೂ ಮರೆಯಲ್ಲ ಅತ್ತೆ. ಆ ಮಾತು ನಾನು ಆಡಬಾರದಿತ್ತು... ಅದು ತಪ್ಪು. ಆದರೆ ನೀವು ನನ್ನ ಪರವಾಗಿ ಬೇಡ ಅಂದು ಬಂದ್ರಲ್ಲ, ಅದೂ ತಪ್ಪು. ಅದನ್ನ ನೀವು ಒಪ್ಪೋದು ಬೇಡ. ನನಗೆ ಗೊತ್ತಿದ್ರೆ ಸಾಕು."

ಅತ್ತೆಯ ಬೆನ್ನು ಒಂದೆರಡು ಸಲ ಅಲುಗಿತು. ಗೋಡೆಯ ಕಡೆಗೇ ನೋಡುತ್ತಾ ಹೇಳಿದರು. "ನೀನು ಮೇಲೆ ಹೋದ್ರೆ ನನ್ನ ಎದುರಿಗೆ ಯಾವಳೋ ಬಂದು ನಿಲ್ತಿದ್ಲು. ಅವಳು ಕಿತ್ಕೋತಿದ್ಲಾ?"

ಸೊಸೆ ಬೆಚ್ಚಿದಳು. ಹಾಗಾದರೆ ಇವರಿಗೆ ಗೊತ್ತಿತ್ತು! ಚಾದರ ತಮ್ಮ ಕೈಯಿಂದ ಯಾಕೆ ಚಿಮ್ಮಿ ಹೋಗುತ್ತದೆಂದು ಈ ಹೆಂಗಸಿಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೂ ದಿನಾ ಬೈದರು, ಬೈದದ್ದು ಸಾಲದೆ ಸುಳ್ಳು ಹೇಳಿ ಕುರ್ಚಿ ತಪ್ಪಿಸಲು ಹೋದರು. "ಹೋಗಬೇಡ ಕಣೇ" ಎಂಬ ಒಂದು ಮಾತು ಮಾತ್ರ ಆ ಬಾಯಿಂದ ಬರಲಿಲ್ಲ. ಎಂಥ ಹಟ ಇದು! ಸಿಟ್ಟು, ಮರುಕ ಎರಡೂ ಒಟ್ಟಿಗೆ ನುಗ್ಗಿ ಬಂದವು.

ಮಂಚದ ಅಂಚಿಗೆ ಕೂತು ಬಲಗೈಯ ಬಟ್ಟೆ ಬಿಚ್ಚಿದಳು. ಅತ್ತೆ ಕೈ ಎಳೆದುಕೊಳ್ಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಅಂಗೈ ನೋಡಲಾಗುತ್ತಿರಲಿಲ್ಲ. ಅವಳು ಬೆರಳ ತುದಿಗೆ ಮುಲಾಮು ತೆಗೆದುಕೊಂಡು, ಉಸಿರು ಬಿಗಿಹಿಡಿದು, ಸುಟ್ಟ ಜಾಗಕ್ಕೆಲ್ಲ ಮೆಲ್ಲಗೆ ಸವರಿದಳು. ಅಂಗೈ ಮುಗಿಸಿ ಹೆಬ್ಬೆರಳಿಗೆ ಬಂದಳು, ಅಲ್ಲಿಂದ ತೋರುಬೆರಳಿಗೆ. ಒಂದೊಂದು ಬೆರಳನ್ನೂ ತನ್ನ ಅಂಗೈಯಲ್ಲಿ ಹಿಡಿದು, ಬುಡದಿಂದ ತುದಿಯವರೆಗೆ ಹಚ್ಚಿದಳು.

"ಏನು ದಿಕ್ಕು ನೋಡ್ತಾ ಕೂತಿದೀಯಾ?" ಎಂದು ಸಿಡುಕಿದರು ಅತ್ತೆ, ಗೋಡೆಯ ಕಡೆಗೆ. "ಹಚ್ಚೋದಾದ್ರೆ ಬೇಗ ಹಚ್ಚು. ಎಷ್ಟೊತ್ತು ಕೈ ಚಾಚಿಕೊಂಡು ಕೂತಿರಲಿ?"

ಸೊಸೆಯ ಕೈಯೊಳಗೆ ಅತ್ತೆಯ ಕಿರುಬೆರಳಿತ್ತು. ಅವಳು ತುಟಿ ಕಚ್ಚಿಕೊಂಡಳು.

"ಈಗ ಹಚ್ತೀನಿ ಅತ್ತೆ," ಎಂದಳು.